ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಉಳಿದಿರುವ ರೇಸುಗಳು: ಹಳೆಯ ರೇಸಿಂಗ್ ಆಟಗಳನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ನನ್ನ ಚಿಕ್ಕಪ್ಪ ಕಾರವಾರದಲ್ಲಿ 1999ರಿಂದ ಏಳೆಂಟು ವರ್ಷ ಸೈಬರ್ ಕೆಫೆ ನಡೆಸಿದ್ದರು. ಕೆಫೆ ಮುಚ್ಚಿದ ಮೇಲೂ ತಮ್ಮ ಪೆಂಟಿಯಮ್ 3 ಕಂಪ್ಯೂಟರನ್ನು ಮನೆಗೆ ತಂದು ಇಟ್ಟುಕೊಂಡಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಕೋಣೆ ಖಾಲಿ ಮಾಡುವಾಗ ಆ ಕಂಪ್ಯೂಟರ್, ಅದರೊಳಗಿನ ವೂಡೂ 3 ಗ್ರಾಫಿಕ್ಸ್ ಕಾರ್ಡ್, ಸ್ಟಿಯರಿಂಗ್ ಮತ್ತು ಪೆಡಲ್, ಅರವತ್ತರಷ್ಟು ಸಿಡಿಗಳು, ಲ್ಯಾಪ್ ಟೈಮ್‌ಗಳನ್ನು ಬರೆದಿಟ್ಟ ಒಂದು ಉದ್ದ ನೋಟ್‌ಬುಕ್ ಸಿಕ್ಕಿವೆ. ಸಿಡಿಗಳಲ್ಲಿ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ಮತ್ತು ‘ಗ್ರ್ಯಾಂಡ್ ಪ್ರಿ 2’ ಅಸಲಿ, ಉಳಿದವುಗಳಲ್ಲಿ ಹೆಚ್ಚಿನವು ಬರೆದ ಸಿಡಿಗಳು. ಕೆಲವಕ್ಕೆ ಬೂಷ್ಟು ಹಿಡಿದಿದೆ. ತಿಂಗಳಿಗೊಮ್ಮೆ ಕಂಪ್ಯೂಟರ್ ಆನ್ ಮಾಡಿದರೆ ಹಾಳಾಗುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಸಿಡಿಗೆ ನೂರು ವರ್ಷ ಆಯಸ್ಸು ಎಂದು ಮತ್ತೊಬ್ಬರು. ಈ ಆಟಗಳೆಲ್ಲ ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಗುಜರಿಗೆ ಹಾಕಿ ಎಂದು ಅಣ್ಣ. ಇದರಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ? ಇದ್ದರೆ ಹೇಗೆ? ಕಾನೂನಿನ ತೊಡಕು ಇದೆಯೇ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಕೋರಿಕೆ. ಆ ಕಂಪ್ಯೂಟರನ್ನು ಸದ್ಯಕ್ಕೆ ಆನ್ ಮಾಡಬೇಡಿ. ಈಗಾಗಲೇ ಒಮ್ಮೆ ಮಾಡಿದ್ದರೆ ಚಿಂತೆ ಬೇಡ, ಎರಡನೆಯ ಸಲ ಬೇಡ ಅಷ್ಟೆ.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಈ ಆಟಗಳು ಕಳೆದುಹೋಗುತ್ತವೆಯೇ ಎಂಬುದು ಒಂದು. ಚಿಕ್ಕಪ್ಪ ಆಡಿದ್ದು ಕಳೆದುಹೋಗುತ್ತದೆಯೇ ಎಂಬುದು ಮತ್ತೊಂದು. ಮೊದಲನೆಯದರ ಭಾರ ಜಗತ್ತಿನಾದ್ಯಂತ ಇರುವ ಅನೇಕ ಆಸಕ್ತರ ಮೇಲೆ ಹಂಚಿಹೋಗಿದೆ. ಎರಡನೆಯದು ನಿಮ್ಮ ಮನೆಯ ಆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇದೆ, ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

‘ಆಗಾಗ ಆನ್ ಮಾಡಿದರೆ ಯಂತ್ರ ಚೆನ್ನಾಗಿರುತ್ತದೆ’ ಎಂಬ ನಂಬಿಕೆಗೆ ಆಧಾರ ಇಲ್ಲದೆ ಇಲ್ಲ. ನಿತ್ಯ ಬಳಕೆಯಲ್ಲಿರುವ ಯಂತ್ರದ ಒಳಗಿನ ಬಿಸಿ ತೇವವನ್ನು ಹೊರಗಟ್ಟುತ್ತದೆ. ಆದರೆ ಹಲವು ಮಳೆಗಾಲ ಮುಚ್ಚಿಟ್ಟಿದ್ದ ಯಂತ್ರಕ್ಕೆ ಆ ಮಾತು ಹೊಂದುವುದಿಲ್ಲ. ಶಿರಸಿಯಲ್ಲಿ ಕಂಪ್ಯೂಟರ್ ದುರಸ್ತಿ ಮತ್ತು ಡೇಟಾ ರಿಕವರಿ ಕೆಲಸ ಮಾಡುವ ನನ್ನ ಬಳಿಗೆ ಘಟ್ಟದ ಮೇಲಿನ ಯಂತ್ರಗಳೂ ಬರುತ್ತವೆ, ಕರಾವಳಿಯ ಯಂತ್ರಗಳೂ ಬರುತ್ತವೆ. ಬಿಚ್ಚಿದ ಕೂಡಲೇ ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆಯವುಗಳಲ್ಲಿ ಬೂಷ್ಟು ಹೆಚ್ಚು, ಲೋಹ ಅಷ್ಟಾಗಿ ಕೆಟ್ಟಿರುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯವುಗಳಲ್ಲಿ ಉಪ್ಪುಗಾಳಿಯ ಕೆಲಸ ಕಾಣುತ್ತದೆ: ಕಾರ್ಡ್ ಕೂರುವ ಸ್ಲಾಟುಗಳ ಅಂಚಿನಲ್ಲಿ ಹಸಿರು ಪುಡಿ, ಸ್ಕ್ರೂಗಳ ಸುತ್ತ ಕೆಂಪು ಕಲೆ, ಪವರ್ ಸಪ್ಲೈ ಒಳಗೆ ಧೂಳಿನ ಜೊತೆ ಬೆರೆತು ಮೇಣದಂತೆ ಅಂಟಿಕೊಂಡ ತೇವ. ಉಪ್ಪು ಬೆರೆತ ತೇವದಲ್ಲಿ ವಿದ್ಯುತ್ ಹರಿಯುತ್ತದೆ. ಆನ್ ಮಾಡಿದ ಕ್ಷಣದಲ್ಲಿ ಅದು ಹೋಗಬಾರದ ಕಡೆ ಹೋದರೆ ಹಾರ್ಡ್ ಡಿಸ್ಕಿನ ಸರ್ಕ್ಯೂಟ್ ಬೋರ್ಡೂ ಸುಟ್ಟುಹೋಗಬಹುದು. ಇದರ ಮೇಲೆ, 1999ರಿಂದ ಏಳೆಂಟು ವರ್ಷಗಳ ಅವಧಿಯಲ್ಲಿ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಉರುಳೆಗಳು) ಇದ್ದವು. ಅವುಗಳ ಚಪ್ಪಟೆ ತಲೆ ಹಪ್ಪಳದಂತೆ ಉಬ್ಬಿರುವುದನ್ನು, ಕೆಲವೊಮ್ಮೆ ಕಂದು ಅಂಟು ಒಸರಿರುವುದನ್ನು ನೀವೇ ಟಾರ್ಚ್ ಹಿಡಿದು ನೋಡಬಹುದು.

ಮತ್ತೊಂದು ಅಪಾಯ ಯಂತ್ರ ಸರಿಯಾಗಿ ಶುರುವಾದರೂ ಇದೆ. ವಿಂಡೋಸ್ 98 ಪ್ರತಿ ಸಲ ಆನ್ ಆದಾಗಲೂ ಡಿಸ್ಕಿನ ಮೇಲೆ ತನ್ನ ಕಡತಗಳನ್ನು ಬರೆಯುತ್ತದೆ. ಕೊನೆಯ ಸಲ ಕರೆಂಟ್ ಹೋಗಿ ಥಟ್ಟನೆ ಆಫ್ ಆಗಿದ್ದರೆ, ಮುಂದಿನ ಸಲ ಡಿಸ್ಕಿನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್ ತಾನಾಗಿಯೇ ಓಡಿ ತನಗೆ ಅರ್ಥವಾಗದ ತುಣುಕುಗಳನ್ನು ‘ಸರಿಪಡಿಸುತ್ತದೆ’. ಕೆಲವು ವರ್ಷಗಳ ಹಿಂದೆ ಒಬ್ಬರು ತಂದಿದ್ದ ಡಿಸ್ಕಿನಲ್ಲಿ ಹೀಗೆ ಆಗಿತ್ತು. ಅವರ ತಂದೆ ಬರೆದಿಟ್ಟ ಲೆಕ್ಕಗಳು ಹೆಸರು ಕಳೆದುಕೊಂಡು, ಬರೀ ಸಂಖ್ಯೆ ಹೊತ್ತ ನೂರಾರು ಚೂರುಗಳಾಗಿದ್ದವು. ಪೂರ್ತಿ ಜೋಡಿಸಲು ನನ್ನಿಂದ ಆಗಲಿಲ್ಲ. ಆನ್ ಮಾಡುವ ಮೊದಲು ಅವರು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಹಾರ್ಡ್ ಡಿಸ್ಕನ್ನು ಹೊರತೆಗೆದು, ಒಣ ಕೋಣೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ನಾಲ್ಕೈದು ದಿನ ಇಡಿ. ಆಮೇಲೆ ಆ ಕಾಲದ ಐಡಿಇ ಬಗೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಮೂಲಕ ಲಿನಕ್ಸ್ ಇರುವ ಕಂಪ್ಯೂಟರಿಗೆ ಕೊಟ್ಟು, ಅದರೊಳಗಿನ ಕಡತಗಳನ್ನು ತೆರೆದು ನೋಡದೆ, ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಯಥಾಪ್ರತಿಯನ್ನು ಒಂದೇ ಕಡತವಾಗಿ ತೆಗೆಯಬೇಕು. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಎತ್ತಿಕೊಂಡು, ಹಟ ಮಾಡುವ ಭಾಗಗಳಿಗೆ ಕೊನೆಗೆ ಮರಳುತ್ತದೆ. ಮುದಿ ಡಿಸ್ಕಿಗೆ ಇಷ್ಟು ಸಮಾಧಾನ ಬೇಕು. ‘ಟಿಕ್ ಟಿಕ್’ ಎಂಬ ಸದ್ದು ಒಂದೇ ಸಮನೆ ಕೇಳಿದರೆ ತಕ್ಷಣ ನಿಲ್ಲಿಸಿ, ಆ ಕೆಲಸ ಬಲ್ಲವರ ಕೈಗೆ ಕೊಡಿ. ಇದೆಲ್ಲ ಸ್ವತಃ ಮಾಡಲು ಧೈರ್ಯ ಬಾರದಿದ್ದರೆ ಶುರುವಿನಲ್ಲೇ ಕೊಡಿ, ಆದರೆ ‘ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡುತ್ತೇನೆ’ ಎನ್ನುವವರಿಗೆ ಕೊಡಬೇಡಿ.

ಇನ್ನು ಅಣ್ಣನ ಮಾತು. ಗುಜರಿಗೆ ಹಾಕಿ ಎನ್ನುವುದಕ್ಕೆ ಉತ್ತರ ಕೊಡಬೇಕಾದರೆ, ಈ ಆಟಗಳು ಏನು ಎಂಬುದನ್ನು ಸ್ವಲ್ಪ ಹೇಳಬೇಕಾಗುತ್ತದೆ.

ರೇಸಿಂಗ್ ಆಟಗಳಲ್ಲಿ ಮೊದಲಿನಿಂದಲೂ ಎರಡು ದಾರಿಗಳಿವೆ. ಒಂದರಲ್ಲಿ ಕಾರು ಓಡಿದಂತೆ ಕಾಣಬೇಕು. ಇನ್ನೊಂದರಲ್ಲಿ ಕಾರು ನಿಜವಾಗಿ ಹೇಗೆ ವರ್ತಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ, ಆ ಲೆಕ್ಕದ ಫಲವನ್ನು ಪರದೆಗೆ ಕಳುಹಿಸಬೇಕು. ಎರಡನೆಯ ದಾರಿಯಲ್ಲಿ ಜೆಫ್ ಕ್ರಾಮಂಡ್ 1984ರಲ್ಲೇ, 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿನ ಮೇಲೆ, ಫಾರ್ಮುಲಾ 3 ಕಾರಿನ ‘ರೆವ್ಸ್’ ಮಾಡಿದ್ದರು. ಇವತ್ತು ಒಂದು ಶುಭೋದಯದ ಚಿತ್ರಕ್ಕೂ ಆ ಮೆಮೊರಿ ಸಾಲುವುದಿಲ್ಲ. ಅವರದೇ ‘ಫಾರ್ಮುಲಾ ಒನ್ ಗ್ರ್ಯಾಂಡ್ ಪ್ರಿ’ ಮತ್ತು 1996ರ ‘ಗ್ರ್ಯಾಂಡ್ ಪ್ರಿ 2’ ಆಮೇಲೆ ಬಂದವು. ಅಮೆರಿಕದಲ್ಲಿ ಪಪೈರಸ್ ಎಂಬ ಚಿಕ್ಕ ಕಂಪನಿ 1989ರಲ್ಲಿ ‘ಇಂಡಿಯನಾಪೊಲಿಸ್ 500’ರಿಂದ ಆರಂಭಿಸಿ 1998ರಲ್ಲಿ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ತಂದಿತು. ನಿಮ್ಮ ಚಿಕ್ಕಪ್ಪನ ಬಳಿ ಇದ್ದ ಎರಡು ಅಸಲಿ ಆಟಗಳಲ್ಲಿ ಇದೂ ಒಂದು, ಅದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ.

ಅದು 1967ರ ಫಾರ್ಮುಲಾ ಒನ್ ಋತುವಿನ ಆಟ. ಆಗಿನ ಕಾರುಗಳಿಗೆ ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು ಇರಲಿಲ್ಲ, ಟಯರಿನ ಹಿಡಿತ ಕಡಿಮೆ, ಎಂಜಿನ್ನಿನ ಶಕ್ತಿ ಮಾತ್ರ ಅಪಾರ. ಕಾರಿನ ತೂಕ ಹಿಂದೆ ಮುಂದೆ ಹೇಗೆ ಜರುಗುತ್ತದೆ, ಒಂದೊಂದು ಟಯರಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಅದು ಯಾವ ಕ್ಷಣದಲ್ಲಿ ಹಿಡಿತ ಬಿಡುತ್ತದೆ ಎಂಬುದನ್ನೆಲ್ಲ ಆ ಆಟ ಲೆಕ್ಕ ಹಾಕುತ್ತಿತ್ತು. ಮೊದಲ ಸಲ ಆಡಿದವರ ಕಾರು ಮೊದಲ ತಿರುವಿನಲ್ಲೇ ಬುಗುರಿಯಂತೆ ಸುತ್ತಿ ಹುಲ್ಲಿಗೆ ಹೋಗುತ್ತಿತ್ತು. ಬ್ರೇಕ್ ಮೇಲಿಂದ ಕಾಲನ್ನು ಥಟ್ಟನೆ ತೆಗೆಯಬಾರದು, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಎದ್ದು ಬರುತ್ತದೆ ಎಂಬುದನ್ನು ಕಾಲು ಕಲಿಯಲು ವಾರಗಳು ಬೇಕಾಗುತ್ತಿದ್ದವು. ದುಡ್ಡು ಕೊಟ್ಟು ಅರ್ಧ ಗಂಟೆ ಆಡಲು ಬಂದ ಹುಡುಗರು ಇದನ್ನು ಬಿಟ್ಟು ‘ರೋಡ್ ರ‍್ಯಾಶ್’ ಕಡೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಉಳಿದವರು ಮಾತ್ರ ವರ್ಷಗಟ್ಟಲೆ ಉಳಿದರು. ಪಪೈರಸ್ ಮುಚ್ಚಿದ ಮೇಲೂ ಹೊಸ ಟ್ರ್ಯಾಕುಗಳನ್ನು, ಹೊಸ ಕಾರುಗಳನ್ನು, ಹೊಸ ಯಂತ್ರಗಳಲ್ಲಿ ಆಟ ಓಡಿಸುವ ಪ್ಯಾಚುಗಳನ್ನು ಮಾಡಿದವರು ಅಂಥ ಆಟಗಾರರೇ. ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ಇಂದೂ ಜೀವಂತವಾಗಿರುವುದು ಅವರಿಂದ.

ಹಾಗಾದರೆ ಕಂಪನಿಗಳೇ ಇವನ್ನು ಮತ್ತೆ ಮಾರಬಹುದಲ್ಲ ಎಂದು ನೀವು ಕೇಳಬಹುದು. ಉಳಿದ ಆಟಗಳಿಗಿಂತ ರೇಸಿಂಗ್ ಆಟಗಳಿಗೆ ಇದು ಕಷ್ಟ, ಏಕೆಂದರೆ ಅವುಗಳಲ್ಲಿ ಕಾರು, ತಂಡ, ಚಾಲಕ, ಟ್ರ್ಯಾಕ್ ಎಲ್ಲದರ ಹೆಸರೂ ಬೇರೆಯವರ ಸ್ವತ್ತು. ಆ ಹೆಸರುಗಳ ಅನುಮತಿ ಕೆಲವೇ ವರ್ಷಗಳಿಗೆ ಸಿಗುತ್ತದೆ. ನಿಮ್ಮ ಸಿಡಿಯಲ್ಲೇ ಇದರ ಗುರುತಿದೆ: 1967ರಲ್ಲಿ ಓಡಿದ ಹೋಂಡಾ ಆ ಆಟದಲ್ಲಿ ‘ಮುರಸಾಮಾ’ ಆಗಿದೆ, ಕೂಪರ್ ‘ಕೊವೆಂಟ್ರಿ’ ಆಗಿದೆ. 2004ರಿಂದ ಅಮೆರಿಕದ ಕಾರು ರೇಸುಗಳ ಸಂಸ್ಥೆ ನಾಸ್ಕಾರ್‌ನ ಹೆಸರಿನ ಹಕ್ಕು ಬೇರೊಂದು ಕಂಪನಿಗೆ ಹೋದಾಗ, ಪಪೈರಸ್‌ನ ‘ನಾಸ್ಕಾರ್ ರೇಸಿಂಗ್ 2003 ಸೀಸನ್’ ಆ ಸಾಲಿನ ಕೊನೆಯ ಆಟವಾಯಿತು. ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ಮರೆಯಾಯಿತು. ಇನ್ನೂ ಕೆಟ್ಟದ್ದು ‘ದಿ ಕ್ರೂ’ ಎಂಬ 2014ರ ಕಾರು ಆಟಕ್ಕೆ ಆಯಿತು. 2024ರ ಮಾರ್ಚ್ ಕೊನೆಯಲ್ಲಿ ಅದರ ಸರ್ವರ್ ನಿಲ್ಲಿಸಿದ ಮೇಲೆ, ದುಡ್ಡು ಕೊಟ್ಟು ಕೊಂಡವರಿಗೂ ಅದು ತೆರೆಯದಂತಾಯಿತು. ಅದರ ಡಿಸ್ಕನ್ನು ಎಷ್ಟು ಜೋಪಾನ ಮಾಡಿದರೂ ಅದೊಂದರಿಂದಲೇ ಆಟ ಓಡುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿರುವ ಆಟಗಳು ಹಾಗಲ್ಲ. ಅವು ಯಾರ ಅಪ್ಪಣೆಗೂ ಕಾಯದೆ ತಮ್ಮಷ್ಟಕ್ಕೆ ಓಡಬಲ್ಲವು.

ಅಣ್ಣ ಹೇಳುವ ‘ಪುಕ್ಕಟೆ’ಯ ವಿಷಯವನ್ನೂ ಸ್ಪಷ್ಟಪಡಿಸುತ್ತೇನೆ. ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ‘ಅಬ್ಯಾಂಡನ್‌ವೇರ್’ (ಮಾಲೀಕರು ಕೈಬಿಟ್ಟ ತಂತ್ರಾಂಶ) ಎಂಬ ಪದ ನಮ್ಮ ಕಾನೂನಿನಲ್ಲಿ ಇಲ್ಲ. ಆದರೆ ನಿಮ್ಮ ಅಸಲಿ ಸಿಡಿಗಳ ಮಟ್ಟಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ನಿಮ್ಮ ಪರವಾಗಿದೆ. ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ನಷ್ಟ, ನಾಶ, ಹಾನಿಗಳಿಂದ ಕಾಪಾಡಿಕೊಳ್ಳಲು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಹಾಗೆ ಮಾಡಿದ ಪ್ರತಿಯನ್ನು ಹಂಚುವುದು ಬೇರೆ ಮಾತು, ಅದಕ್ಕೆ ಕೈ ಹಾಕಬೇಡಿ. ಬರೆದ ಸಿಡಿಗಳಲ್ಲಿರುವ ಆಟಗಳಿಗೆ ಈ ರಕ್ಷಣೆ ಇಲ್ಲ. ಆದರೂ ಅವುಗಳನ್ನು ನೋಡದೆ ಎಸೆಯಬೇಡಿ. ಕೆಫೆಯವರು ಗಿರಾಕಿಗಳ ಫೋಟೊ, ಪತ್ರ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಿಂದ ಎತ್ತಿಕೊಂಡ ಪ್ಯಾಚುಗಳನ್ನೆಲ್ಲ ಅಂಥವುಗಳಲ್ಲೇ ತುಂಬಿಡುತ್ತಿದ್ದರು. ಆ ಡ್ರೈವರುಗಳು ಮುಂದೆ ನಿಮಗೇ ಬೇಕಾಗುತ್ತವೆ.

ಸಿಡಿಯ ನೂರು ವರ್ಷದ ಆಯಸ್ಸಿನ ಮಾತು ನಿಜವಾಗಬೇಕಾದರೆ ಸಿಡಿಯೂ ಒಳ್ಳೆಯದಾಗಿರಬೇಕು, ಇಟ್ಟ ಜಾಗವೂ ತಂಪಾಗಿ ಒಣಗಿರಬೇಕು. ಗಾಳಿಯ ತೇವಾಂಶ ಶೇಕಡಾ 20ರಿಂದ 50ರೊಳಗೆ ಇರಲಿ ಎಂಬುದು ಗ್ರಂಥಾಲಯಗಳಿಗೆ ಕೊಡುವ ಸಲಹೆ. ಕಾರವಾರದ ಆಷಾಢದಲ್ಲಿ ಅದು ಶೇಕಡಾ 80ನ್ನು ದಾಟುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಅಸಲಿ ಸಿಡಿಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನ ಗುಳಿಗಳಾಗಿ ಕೂತಿರುತ್ತದೆ, ಅದರ ಮೇಲಿನ ಅಲ್ಯುಮಿನಿಯಂ ಪದರಕ್ಕೆ ಗಾಳಿ ತಾಗದಿದ್ದರೆ ದೀರ್ಘಕಾಲ ಬಾಳುತ್ತದೆ. ಬರೆದ ಸಿಡಿಯಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಬಿಸಿಲು, ಬಿಸಿ, ತೇವ ಸೇರಿ ಆ ಬಣ್ಣ ಮಾಸುತ್ತದೆ. ಎರಡರಲ್ಲೂ ಮೇಲ್ಭಾಗ, ಅಂದರೆ ಹೆಸರು ಬರೆಯುವ ಬದಿಯೇ ನಾಜೂಕು. ಅಲ್ಲಿ ಬಿದ್ದ ಗೀರು ಕೆಳಗಿನ ಗೀರಿಗಿಂತ ಅಪಾಯಕರ. ನಿಮ್ಮ ಸಿಡಿಗಳ ಬೂಷ್ಟು ಬರೀ ಮೇಲ್ಮೈಯದ್ದಾದರೆ ಶುದ್ಧ ನೀರಿನಲ್ಲಿ ನೆನೆಸಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ, ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಬಾರದು. ಬೆಳಕಿಗೆ ಹಿಡಿದಾಗ ಒಳಪದರದಲ್ಲೇ ಸೂಜಿ ತೂತು ಅಥವಾ ಬೇರಿನಂಥ ಗೆರೆ ಕಂಡರೆ ಒರೆಸುವುದರಿಂದ ಆಗುವುದೇನೂ ಇಲ್ಲ. ಉಷ್ಣವಲಯದ ಬೆಲಿಝ್ ದೇಶದಿಂದ ಬಂದ ಸಿಡಿಯೊಂದರ ಒಳಪದರವನ್ನು ಶಿಲೀಂಧ್ರ ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ಅಲ್ಲಿನ ಹವೆ ನಮ್ಮ ಕರಾವಳಿಯ ಹವೆಗೆ ದೂರದ್ದಲ್ಲ. ಅಂಥ ಸಿಡಿಗಳ ಪ್ರತಿಯನ್ನು ಮೊದಲು ತೆಗೆಯಿರಿ.

ಸಿಡಿಯ ಪ್ರತಿ ತೆಗೆಯುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಹಲವು ವರ್ಷಗಳ ಹಿಂದೆ ಒಂದು ರಾಶಿ ಆಟಗಳನ್ನು ಐಎಸ್ಒ ಕಡತಗಳಾಗಿ (ಸಿಡಿಯ ಡೇಟಾ ಭಾಗದ ಪ್ರತಿ) ತೆಗೆದು, ಸಿಡಿಗಳನ್ನು ಅವುಗಳ ಮಾಲೀಕರಿಗೆ ಹಿಂದಿರುಗಿಸಿದೆ. ಬಹಳ ದಿನ ಬಿಟ್ಟು ತೆರೆದು ಆಡಿದರೆ ಕೆಲವು ಆಟಗಳಲ್ಲಿ ಸಂಗೀತವೇ ಇಲ್ಲ. ಆ ಕಾಲದ ಎಷ್ಟೋ ಆಟಗಳಲ್ಲಿ ಹಾಡುಗಳು ಮಾಮೂಲಿ ಆಡಿಯೋ ಸಿಡಿಯಂತೆ ಬೇರೆ ಟ್ರ್ಯಾಕುಗಳಲ್ಲಿ ಇರುತ್ತಿದ್ದವು, ಐಎಸ್ಒ ಅವನ್ನು ಹಿಡಿಯುವುದಿಲ್ಲ. ಸಿಡಿಗಳ ಮಾಲೀಕರು ಅಷ್ಟರಲ್ಲಿ ಅವನ್ನು ಎಸೆದಿದ್ದರು. ಆದ್ದರಿಂದ ‘ಬಿನ್’ ಮತ್ತು ‘ಕ್ಯೂ’ ಎಂಬ ಜೋಡಿ ಕಡತಗಳಾಗಿಯೇ ತೆಗೆಯಿರಿ. ತೆಗೆದ ಪ್ರತಿಯ ಚೆಕ್‌ಸಮ್ ಅನ್ನು, ಅಂದರೆ ಕಡತದಿಂದ ಲೆಕ್ಕ ಹಾಕಿ ಪಡೆದ ಗುರುತು ಸಂಖ್ಯೆಯನ್ನು, ಅಸಲಿ ಡಿಸ್ಕುಗಳ ವಿವರ ಕೂಡಿಡುವ ‘ರಿಡಂಪ್’ ಯೋಜನೆಯ ಪಟ್ಟಿಯೊಡನೆ ಹೋಲಿಸಿದರೆ, ಒಂದು ಬಿಟ್ ವ್ಯತ್ಯಾಸವಿದ್ದರೂ ತಿಳಿದುಬಿಡುತ್ತದೆ.

ಈಗ ಆಡುವ ವಿಷಯ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್ಎಸ್ ಚಪಲ್ ಯುದ್ಧನೌಕೆಯನ್ನು ನೀವು ನೋಡಿಯೇ ಇರುತ್ತೀರಿ. ಹಡಗು ಹಡಗಾಗಿಯೇ ಉಳಿದಿದೆ, ಮಕ್ಕಳು ಹತ್ತಿ ಇಳಿಯುತ್ತಾರೆ, ಆದರೆ ಅದು ಸಮುದ್ರಕ್ಕೆ ಹೋಗುವುದಿಲ್ಲ. ಕಂಪ್ಯೂಟರನ್ನೂ ಹಾಗೆ ಇಡಬಹುದು, ತಪ್ಪಿಲ್ಲ. ಆಟ ಮಾತ್ರ ಓಡಿದರಷ್ಟೇ ಆಟ. ಓಡಿಸಲು ಮೂರು ದಾರಿಗಳಿವೆ.

ಹಳೆಯ ಯಂತ್ರವನ್ನೇ ದುರಸ್ತಿ ಮಾಡಿಸುವುದು ಮೊದಲನೆಯದು. ಕೆಪಾಸಿಟರ್ ಬದಲಿಸಿ, ಪವರ್ ಸಪ್ಲೈ ಹೊಸದು ಹಾಕಿ, ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡಿನ ಅಡಾಪ್ಟರ್ ಕೂರಿಸಿದರೆ ಚಿಕ್ಕಪ್ಪ ಕಂಡ ಚಿತ್ರವೇ ನಿಮಗೂ ಕಾಣುತ್ತದೆ. ಆ ವೂಡೂ ಕಾರ್ಡಿಗೆ ಬದಲಿ ಸಿಗುವುದು ಕಷ್ಟ, ಅದನ್ನು ಮಾಡಿದ 3ಡಿಎಫ್ಎಕ್ಸ್ ಕಂಪನಿ 2000ದ ಕೊನೆಯಲ್ಲೇ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಿತು. ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರ್ ಇದ್ದರೆ ಅದನ್ನು ಮಾತ್ರ ನೀವಾಗಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ನಿಂತಿರಬಹುದು.

ಇಂದಿನ ಕಂಪ್ಯೂಟರಿನಲ್ಲೇ ಆಡುವುದು ಎರಡನೆಯದು, ಹೆಚ್ಚಿನವರು ಹಿಡಿಯುವ ದಾರಿ. ಇಲ್ಲಿ ಎದುರಾಗುವ ತೊಡಕುಗಳೆಲ್ಲ ಪರಿಚಿತವಾದವು. ಆ ಕಾಲದ ಹಲವು ಆಟಗಳ ಇನ್‌ಸ್ಟಾಲರ್ 16 ಬಿಟ್‌ನದ್ದಾದ್ದರಿಂದ 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದಿಲ್ಲ. ಸೇಫ್‌ಡಿಸ್ಕ್ ಎಂಬ ನಕಲು ತಡೆ ಇದ್ದ ಆಟಗಳು 2015ರಿಂದ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ, ಸುರಕ್ಷತೆಯ ಕಾರಣಕ್ಕೆ ಮೈಕ್ರೊಸಾಫ್ಟ್ ಅದರ ಡ್ರೈವರನ್ನು ತಡೆಯಿತು. ನಿಮ್ಮ ಅಸಲಿ ಸಿಡಿ ಕೆಲಸ ಮಾಡದಿದ್ದರೆ ಸಿಡಿಯೇ ಕೆಟ್ಟಿದೆ ಎಂದು ತಿಳಿಯಬೇಡಿ. ವೂಡೂ ಕಾರ್ಡಿಗಾಗಿ ಬರೆದ ಗ್ಲೈಡ್ ಭಾಷೆಯನ್ನು ಇಂದಿನ ಕಾರ್ಡಿಗೆ ತಿಳಿಸಿ ಹೇಳುವ ‘ಎನ್‌ಗ್ಲೈಡ್’, ‘ಡಿಜಿವೂಡೂ’ ಎಂಬ ದುಭಾಷಿಗಳಿವೆ. ವಿಂಡೋಸ್‌ಗೆ ಹಿಂದಿನ ಡಾಸ್ ಕಾಲದ ‘ಗ್ರ್ಯಾಂಡ್ ಪ್ರಿ 2’ಕ್ಕೆ, ಡಾಸ್ ಯಂತ್ರವನ್ನು ಅನುಕರಿಸುವ ‘ಡಾಸ್‌ಬಾಕ್ಸ್’ ಬೇಕು.

‘86ಬಾಕ್ಸ್’ ಎಂಬ ತಂತ್ರಾಂಶದೊಳಗೆ ಹಳೆಯ ಕಂಪ್ಯೂಟರನ್ನೇ, ವೂಡೂ ಕಾರ್ಡ್ ಸಮೇತ, ಕಟ್ಟಿಕೊಳ್ಳುವುದು ಮೂರನೆಯದು. ಹೊಸ ಪ್ರೊಸೆಸರ್ ಬಲವಾಗಿದ್ದರೂ ಅದು ನಿಧಾನವೇ. ಆದರೂ ನಿಮ್ಮ ಸಂದರ್ಭದಲ್ಲಿ ನಾನು ಇದನ್ನು ಕಡೆಗಣಿಸುವುದಿಲ್ಲ, ಕಾರಣ ರೀಪ್ಲೇಗಳು.

‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ನಲ್ಲಿ ಉಳಿಸಿದ ರೀಪ್ಲೇ ವಿಡಿಯೋ ಅಲ್ಲ. ಯಾವ ಕ್ಷಣದಲ್ಲಿ ಕಾರು ಟ್ರ್ಯಾಕಿನ ಯಾವ ಬಿಂದುವಿನಲ್ಲಿತ್ತು ಎಂಬ ದಾಖಲೆ ಅದು. ಆಟವಿಲ್ಲದೆ ಅದನ್ನು ತೆರೆಯಲಾಗುವುದಿಲ್ಲ. ಆಟವಿದ್ದರೂ, ಅಭಿಮಾನಿಗಳು ತಿದ್ದಿದ ಹೊಸ ಟ್ರ್ಯಾಕ್ ಹಾಕಿಕೊಂಡಿದ್ದರೆ ಚಿಕ್ಕಪ್ಪನ ಕಾರು ನೆಲಕ್ಕಿಂತ ಒಂದಿಷ್ಟು ಮೇಲೆಯೋ ಬೇಲಿಯ ಒಳಗೋ ಓಡಬಹುದು. ಹೀಗಾಗಿ ಅವರು ಬಳಸಿದ ಆಟವನ್ನು, ಅವರು ಹಾಕಿಕೊಂಡಿದ್ದ ಪ್ಯಾಚು ಮತ್ತು ಟ್ರ್ಯಾಕುಗಳ ಸಮೇತ, ಯಥಾವತ್ತಾಗಿ ಒಂದು ಕಡೆ ಇಡಬೇಕು. ಆಡುವ ಆಸೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಬೇರೆ ಪ್ರತಿ ಇರಲಿ. ಡಿಸ್ಕಿನ ಯಥಾಪ್ರತಿ ಕೈಯಲ್ಲಿದ್ದರೆ ಅದನ್ನೇ 86ಬಾಕ್ಸ್ ಒಳಗೆ ಕೊಟ್ಟು, ಡ್ರೈವರುಗಳನ್ನು ಹೊಂದಿಸಿ, ಅವರ ವಿಂಡೋಸ್ 98ನ್ನು ಅವರು ಬಿಟ್ಟಂತೆಯೇ ತೆರೆಯಲು ಸಾಧ್ಯ. ಆಟದ ಫೋಲ್ಡರಿನಲ್ಲಿ ‘ಪ್ಲೇಯರ್ಸ್’ ಮತ್ತು ‘ರೀಪ್ಲೇ’ ಎಂಬವನ್ನು ಮೊದಲು ಹುಡುಕಿ. ಒಂದೊಂದು ಟ್ರ್ಯಾಕಿಗೆ ಅವರು ಸ್ಪ್ರಿಂಗ್, ಗೇರ್, ಟಯರ್ ಗಾಳಿಯನ್ನು ಹೇಗೆ ಹೊಂದಿಸಿಕೊಂಡಿದ್ದರು ಎಂಬುದೂ ಅಲ್ಲಿ ಸಿಗಬಹುದು.

ಸ್ಟಿಯರಿಂಗಿಗೆ 15 ಪಿನ್ನುಗಳ ಗೇಮ್ ಪೋರ್ಟ್ ಕನೆಕ್ಟರ್ ಇದ್ದರೆ ಈಗಿನ ವಿಂಡೋಸ್ ಅದನ್ನು ಗುರುತಿಸುವುದಿಲ್ಲ. ಆದರೆ ಎಷ್ಟು ತಿರುಗಿತು ಎಂದು ಅಳೆಯುವ, ಅದರೊಳಗಿನ ಪೊಟೆನ್ಶಿಯೊಮೀಟರ್‌ಗಳನ್ನು ಓದಿ ಯುಎಸ್‌ಬಿಗೆ ತಿಳಿಸುವ ಪುಟ್ಟ ಆರ್ಡುಯಿನೊ ಬೋರ್ಡನ್ನು ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಯೊಬ್ಬರು ಒಂದು ರಜೆಯಲ್ಲಿ ಮಾಡಿಕೊಟ್ಟಾರು. ತಿರುಗಿಸಿದಾಗ ಪರದೆಯ ಚಕ್ರ ನಡುಗಿದರೆ ಒಳಗಿನ ಕೊಳೆ ಕಾರಣ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಇಡುವ ಜಾಗದ ಬಗ್ಗೆ: ಗೋದ್ರೆಜ್ ಕಪಾಟಿನ ಕೆಳಗಿನ ಅರೆ, ಹೊರಗೋಡೆಗೆ ತಾಗಿದ ಶೆಲ್ಫು ಬೇಡ. ಮಳೆಗಾಲಕ್ಕೆ ಹಪ್ಪಳ ಕಾಪಾಡುವ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಿಡಿಗಳಿಗೂ ಆಗುತ್ತದೆ, ಒಳಗೆ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಯಥಾಪ್ರತಿಗಳು ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿರಲಿ, ಅವುಗಳಲ್ಲಿ ಒಂದು ಕರಾವಳಿಯಿಂದ ಆಚೆ ಇರುವ ನೆಂಟರ ಮನೆಯಲ್ಲಿರಲಿ. ಪೆನ್ ಡ್ರೈವನ್ನು ಮಾತ್ರ ನಂಬಿ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಹವೆ ಒಣಗಿದಾಗ, ಎರಡನ್ನೂ ತೆರೆದು ಚೆಕ್‌ಸಮ್ ತಾಳೆ ನೋಡಿ.

ನೋಟ್‌ಬುಕ್ಕಿನ ಒಂದೊಂದು ಪುಟದ ಫೋಟೊವನ್ನು ಇವತ್ತೇ ತೆಗೆಯಿರಿ, ಶಾಯಿ ಹರಡುವ ಮೊದಲು. ಅದನ್ನು ಓದುವಾಗ ಒಂದು ಸಂಗತಿ ನೆನಪಿರಲಿ. ‘ಗ್ರ್ಯಾಂಡ್ ಪ್ರಿ 2’ರಲ್ಲಿ ಕಂಪ್ಯೂಟರಿಗೆ ಲೆಕ್ಕ ಭಾರವಾದಾಗ ಆಟದ ಸಮಯವೇ ನಿಧಾನವಾಗುತ್ತಿತ್ತು, ತಿರುವು ತೆಗೆದುಕೊಳ್ಳಲು ಆಟಗಾರನಿಗೆ ಹೆಚ್ಚು ಅವಕಾಶ ಸಿಗುತ್ತಿತ್ತು. ಆದ್ದರಿಂದ ಬೇರೆ ಬೇರೆ ಯಂತ್ರಗಳ ಟೈಮ್‌ಗಳನ್ನು ಹೋಲಿಸುವಾಗ ಎಚ್ಚರ ಬೇಕು. ‘ಲೆಜೆಂಡ್ಸ್’ ಪುಟಗಳಲ್ಲಿ ಜರ್ಮನಿಯ ನರ್ಬರ್ಗ್‌ರಿಂಗ್ ಟ್ರ್ಯಾಕ್ ಹುಡುಕಿ. ಒಂದು ಸುತ್ತು ಸುಮಾರು 22.8 ಕಿಲೋಮೀಟರ್. 1967ರ ಅರ್ಹತಾ ಸುತ್ತಿನಲ್ಲಿ ಜಿಮ್ ಕ್ಲಾರ್ಕ್ ಲೋಟಸ್ 49ರಲ್ಲಿ ಅದನ್ನು 8 ನಿಮಿಷ 4.1 ಸೆಕೆಂಡಿನಲ್ಲಿ ಮುಗಿಸಿದ್ದರು. ಚಿಕ್ಕಪ್ಪನ ಟೈಮ್ ಒಂಬತ್ತು ನಿಮಿಷದೊಳಗೆ ಇದ್ದು, ಆ ದಿನದ ರೀಪ್ಲೇ ಡಿಸ್ಕಿನಲ್ಲಿ ಸಿಕ್ಕರೆ, ಕಾರಿನ ಒಳಗಿನ ನೋಟದಲ್ಲಿ ಪೂರ್ತಿ ನೋಡಿ. ಸ್ಟಿಯರಿಂಗ್ ಹಿಡಿದ ಆ ಎರಡು ಕೈಗಳು ಪರದೆಯ ಮೇಲೆ ತಿರುಗುವುದು ಅವರು ಅಂದು ತಿರುಗಿಸಿದಂತೆಯೇ.